ಕುಂಬಾರನ ನಾಲಿಗೆಯ ಕಟ್ಟು

ಶಿಷ್ಯ ಕೇಳಿದ: "ಗುರುಗಳೇ, ಬೇಡವೆಂದು ಕಡಿದುಕೊಂಡು ಬಂದದ್ದೇ ಯಾಕೆ ಮತ್ತೆ ಮತ್ತೆ ನೆನಪಾಗುತ್ತದೆ?"

ಗುರುಗಳು ಜಗಲಿಯಲ್ಲಿ ಕುಳಿತು ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದರು. "ಯಾವುದು?" ಎಂದರು.

"ಮನೆ" ಎಂದ ಶಿಷ್ಯ. ಅವನು ಅಣ್ಣನೊಡನೆ ಜಗಳವಾಡಿ ಮಠಕ್ಕೆ ಬಂದವನು. ಕಳೆದ ತಿಂಗಳು ಅಣ್ಣ, ಹಬ್ಬಕ್ಕೆ ಬಂದು ಹೋಗಲಿ ಎಂದು ಗುರುಗಳ ಹತ್ತಿರ ಹೇಳಿ ಕಳಿಸಿದ್ದ. 'ನನಗೆ ಅಲ್ಲಿ ಯಾರೂ ಇಲ್ಲ, ನಾನು ಸತ್ತೆನೆಂದು ತಿಳಿದುಕೊಳ್ಳಲಿ, ಹಾಗೆಂದೇ ತಿಳಿಸಿಬಿಡಿ' ಎಂದು ಇವನು ಗುರುಗಳಿಗೆ ಹೇಳಿದ್ದ. ಆಮೇಲೆ ಊರಿನಿಂದ ಸುದ್ದಿ ಬರಲಿಲ್ಲ. ಅದೇ ಅವನನ್ನು ಕೊರೆಯುತ್ತಿತ್ತು. "ಕಟ್ಟು ಕಡಿದರೆ ಹಗುರಾಗಬೇಕಲ್ಲವೇ?" ಎಂದ.

ಗುರುಗಳು ಕೈಗೆ ಅಂಟಿದ ನಾರನ್ನು ಒರೆಸಿಕೊಂಡು ಈ ಕತೆ ಹೇಳಿದರು.

ನಾನು ಹುಟ್ಟಿದ ಊರಿನಲ್ಲಿ ಒಬ್ಬ ಕುಂಬಾರನಿದ್ದ. ನಮ್ಮ ಮನೆಯ ನೀರಿನ ಹರವಿ ಅವನು ಮಾಡಿದ್ದು. ಆ ನೀರಿನ ರುಚಿ ನನ್ನ ಬಾಯಲ್ಲಿ ಇನ್ನೂ ಇದೆ. ಸನ್ಯಾಸಿ ಹಾಗೆ ಹೇಳಬಾರದು, ಆದರೆ ಇದೆ.

ಕುಂಬಾರನ ನಾಲಿಗೆ ಹುಟ್ಟಿನಿಂದಲೇ ಕಟ್ಟಿಕೊಂಡಿತ್ತು. ನಾಲಿಗೆಯ ಕೆಳಗೊಂದು ತೆಳ್ಳನೆಯ ಪೊರೆ ಇರುತ್ತದೆ. ಎಲ್ಲರಿಗೂ ಇರುತ್ತದೆ, ಅವನದು ಗಿಡ್ಡ. ನಾಲಿಗೆ ಹಲ್ಲು ದಾಟಿ ಹೊರಗೆ ಬರುತ್ತಿರಲಿಲ್ಲ, ಮೇಲಕ್ಕೂ ಏಳುತ್ತಿರಲಿಲ್ಲ. ಕೂಸಿದ್ದಾಗ ಮೊಲೆ ಹಿಡಿಯಲಾರದೆ ಅತ್ತು ಅತ್ತು ಸೊರಗಿದ್ದ. ಅವನ ಅಕ್ಕ ಇನ್ನೂ ಲಂಗ ಹಾಕುವ ವಯಸ್ಸಿನಲ್ಲಿ ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಒಳಲೆಯಿಂದ ಹನಿ ಹನಿಯಾಗಿ ಹಾಲು ಕುಡಿಸಿ ಉಳಿಸಿದಳು. ಮುಂದೆ ಅವನು ಮಾತು ಕಲಿತಾಗ ಅದು ಊರಿಗೆ ತಿಳಿಯಲಿಲ್ಲ, ಅಕ್ಕನಿಗೆ ತಿಳಿಯಿತು. ತಂದೆತಾಯಿ ಹೋದ ಮೇಲೆ ಅವನು ಗಡಿಗೆ ಮಾಡಿದ, ಅಕ್ಕ ಅವನ ಮಾತನ್ನು ಜನರಿಗೆ ಹೇಳಿದಳು.

ಕುಂಬಾರನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಯಾರಾದರೂ ಮುದುಕಿ ಬಂದು ಗಡಿಗೆಯನ್ನು ಬೆರಳ ಗೆಣ್ಣಿನಿಂದ ಟಕಟಕ ಬಡಿದು ನೋಡಿದರೆ ಅವನು ಏನೋ ಗುಳುಗುಳು ಎನ್ನುತ್ತಿದ್ದ. 'ಒಡೆದರೆ ಕೈ ಮುರಿಯುತ್ತೇನೆ' ಎಂದು ಅದರ ಅರ್ಥ. ಅಕ್ಕ ಒಂದು ಗಳಿಗೆ ಅವನ ಮುಖ ನೋಡುತ್ತಿದ್ದಳು. ಆಮೇಲೆ ಹೇಳುತ್ತಿದ್ದಳು: "ಹಗರಕ್ಕ ಬಡಿಯವ್ವಾ, ಮೊನ್ನಿ ಸುಟ್ಟದ್ದು, ಇನ್ನೂ ಎಳೀದೈತಿ ಅಂತಾನ." ಮುದುಕಿ, ಎಂಥ ಕಕ್ಕುಲಾತಿ ಇವನದು ಎಂದುಕೊಂಡು ಗಡಿಗೆ ಕೊಂಡು ಹೋಗುತ್ತಿದ್ದಳು. ಅಕ್ಕ ಸುಳ್ಳು ಹೇಳುತ್ತಾಳೆಂದು ಕುಂಬಾರ ಒಳಗೇ ಕುದಿಯುತ್ತಿದ್ದ. ಆದರೆ ಅದನ್ನು ಹೇಳಬೇಕಾದರೂ ಅಕ್ಕನೇ ಬೇಕು.

ಅಕ್ಕನನ್ನು ಕೇಳಿಕೊಂಡು ಗಂಡಿನ ಕಡೆಯವರು ಬಂದರು, ಹೋದರು. "ನಾ ಹೋದರ ಇವಗ ಬಾಯಿ ಯಾರು?" ಎಂದು ಅವಳು ಒಲ್ಲೆ ಎನ್ನುತ್ತಿದ್ದಳು. ಅವಳ ಬೈತಲೆಯಲ್ಲಿ ಬಿಳಿಕೂದಲು ಕಂಡಿತು. ಪಕ್ಕದೂರಿನ ಒಬ್ಬ ರೈತ, ಹೆಂಡತಿ ತೀರಿಕೊಂಡವನು, ಒಳ್ಳೆಯವನು, ಅವಳಿಗಾಗಿ ಕೇಳಿಸಿದ. ಅಂದು ಅಕ್ಕ ಒಲ್ಲೆ ಎನ್ನುವ ಮೊದಲು ಸ್ವಲ್ಪ ತಡೆದಳು. ಕುಂಬಾರ ಅದನ್ನು ನೋಡಿದ. ಮರುದಿನ ಒಬ್ಬನೇ ಪಟ್ಟಣದ ಆಸ್ಪತ್ರೆಗೆ ನಡೆದ.

ವೈದ್ಯೆ ಅವನ ಬಾಯಿ ತೆರೆಸಿ ನೋಡಿದಳು. ಕಟ್ಟಿದ ನಾಲಿಗೆಗಳಿಗೆಲ್ಲ ಕತ್ತರಿ ಬೇಕಾಗಿಲ್ಲ, ಹಾಲು ಕುಡಿದು ಸರಿಯಾಗಿ ಮಾತಾಡುವ ಮಗುವನ್ನು ಸುಮ್ಮನೆ ಬಿಟ್ಟರಾಯಿತು, ನಿನಗೆ ಮಾತ್ರ ಕೂಸಿದ್ದಾಗಲೇ ಬೇಕಿತ್ತು, ಆಗ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು ಎಂದಳು. ಈಗಲೂ ಕಾಲ ಮಿಂಚಿಲ್ಲ ಎಂದಳು. ಮರಗಟ್ಟಲು ಸೂಜಿ ಚುಚ್ಚಿ, ಪೊರೆ ಬಿಡಿಸಿ, ಹೊಲಿಗೆ ಹಾಕಿ, ಅಂದೇ ಸಂಜೆ ಮನೆಗೆ ಕಳಿಸಿದಳು. ಕಳಿಸುವಾಗ ಹೇಳಿದಳು: "ನಾನು ಬಿಡಿಸಿದ್ದೇನೆ ಅಷ್ಟೆ. ನಾಲಿಗೆಗೆ ಅದು ಗೊತ್ತಿಲ್ಲ, ನೀನೇ ಕಲಿಸಬೇಕು. ತುದಿಯನ್ನು ಅಂಗುಳಕ್ಕೆ ಒತ್ತಿ ಹಿಡಿದು ನಿಲ್ಲು. ಬಿಟ್ಟರೆ ಗಾಯ ಮತ್ತೆ ಅಂಟಿಕೊಳ್ಳುತ್ತದೆ."

ಕಲಿಸಿದವಳು ಅಕ್ಕ. ಗಂಜಿ ಕುಡಿಸಿದಳು. ನೋವು ತಗ್ಗಿದ ಮೇಲೆ ಅವನ ಮೇಲ್ದುಟಿಗೆ ಬೆಲ್ಲ ಸವರಿ, ನೆಕ್ಕು ಎಂದಳು. ಮಣ್ಣು ತುಳಿಯುವಾಗ, ತಿಗರಿ ತಿರುಗಿಸುವಾಗ, ಎಲ್ಲಿಂದಲೋ ಅವಳ ಕೂಗು ಬರುತ್ತಿತ್ತು: "ನಾಲಿಗಿ ಮ್ಯಾಲ!" ಕುಂಬಾರ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ನಿಲ್ಲುತ್ತಿದ್ದ. ನಾವು ನೀರಿಗೆ ಹೋಗುವವರು ದಾರಿಯಲ್ಲಿ ನಿಂತು ನಗುತ್ತಿದ್ದೆವು. ಆ ದಿನಗಳು ಅವರಿಬ್ಬರಿಗೂ ಒಳ್ಳೆಯ ದಿನಗಳಾಗಿದ್ದವು ಎಂದು ಈಗ ತಿಳಿಯುತ್ತದೆ.

ಮಳೆಗಾಲ ಕಳೆಯುವ ಹೊತ್ತಿಗೆ ಮಾತು ತಿಳಿಯಾಯಿತು. ರೈತ ಮತ್ತೆ ಬಂದಾಗ ಕುಂಬಾರ ತನ್ನ ಬಾಯಿಂದಲೇ, ಕೊಟ್ಟೆ ಎಂದ. ಅಕ್ಕ ಮುಖಕ್ಕೆ ಸೆರಗು ಹಚ್ಚಿಕೊಂಡು ಅತ್ತಳು. ಮದುವೆಯಾಗಿ ಪಕ್ಕದೂರಿಗೆ ಹೋದಳು.

ಈಗ ಅಂಗಡಿಯಲ್ಲಿ ಕುಂಬಾರನೊಬ್ಬನೇ. ಒಂದು ದಿನ ಒಬ್ಬ ಮುದುಕಿ ಬಂದಳು, ಗಡಿಗೆ ಬಡಿದಳು. ಒಡೆದರೆ ಕೈ ಮುರಿಯುತ್ತೇನೆ ಎಂದ ಕುಂಬಾರ. ಒಂದೊಂದು ಅಕ್ಷರವೂ ಸ್ಪಷ್ಟವಾಗಿತ್ತು. ಮುದುಕಿ ಗಡಿಗೆ ಅಲ್ಲೇ ಇಟ್ಟು ಹೋದಳು. ಹಾಗೆಯೇ ಮತ್ತೊಬ್ಬರು ಹೋದರು. ಸುಟ್ಟ ಗಡಿಗೆಗಳು ಅಂಗಳದಲ್ಲಿ ಹಾಗೇ ಉಳಿದವು. ವೈದ್ಯೆ ಅವನ ನಾಲಿಗೆ ಬಿಡಿಸಲಿಲ್ಲ, ಮಸೆದು ಕಳಿಸಿದಳು ಎಂದು ಊರಿನವರು ಆಡಿಕೊಂಡರು. ನಮ್ಮ ತಾಯಿ ಕೂಡ ಬೇರೆ ಊರಿನ ಹರವಿ ತಂದಳು. ಅದರ ನೀರು ನನಗೆ ಹಿಡಿಸಲಿಲ್ಲ.

ಕುಂಬಾರ ಸಂಜೆ ಖಾಲಿ ಅಂಗಡಿಯಲ್ಲಿ ಕುಳಿತು ಅಕ್ಕ ಕೂರುತ್ತಿದ್ದ ಮಣೆ ನೋಡುತ್ತಿದ್ದ. ಮಾತು ಬಾರದ ಕಾಲದಲ್ಲಿ ಇದೇ ಅಂಗಳದಲ್ಲಿ ಎಷ್ಟು ಜನ ಇರುತ್ತಿದ್ದರು, ಎಷ್ಟು ನಗು ಇರುತ್ತಿತ್ತು. ಆ ಕಟ್ಟೇ ಚೆನ್ನಾಗಿತ್ತು ಎನ್ನಿಸಿತು. ಕೊನೆಗೆ ಆ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಆಸ್ಪತ್ರೆಗೆ ಹೋಗಿ, ಮೊದಲಿನ ಹಾಗೆ ಕಟ್ಟಿಬಿಡಿ ಎಂದ. ವೈದ್ಯೆ ನಾಲಿಗೆ ಎತ್ತಿಸಿ ನೋಡಿ, ಗಾಯ ಚೆನ್ನಾಗಿ ಮಾಗಿದೆ, ನನ್ನ ಕೆಲಸ ಮುಗಿದಿದೆ ಎಂದು ಕಳಿಸಿದಳು.

ಅವನು ಅಲ್ಲಿಂದ ನೇರವಾಗಿ ಅಕ್ಕನ ಮನೆಗೆ ಹೋದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಹೇಳಿದ: "ಅಷ್ಟು ವರ್ಷ ಸುಳ್ಳ ಹೇಳಿದಿ ಅಕ್ಕಾ. ಅದಕ್ಕ ಮಂದಿ ನನ್ನ ಒಳ್ಳ್ಯಾವ ಅಂತ ತಿಳಿದ್ರು."

"ಸುಳ್ಳ ಹೇಳಿಲ್ಲ" ಎಂದಳು ಅಕ್ಕ. "ನೀ ಅಂದ ಕೂಡ್ಲೆ ಹೇಳ್ತಿರಲಿಲ್ಲ, ಅಷ್ಟ. ಒಂದು ಗಳಿಗಿ ನಿನ್ನ ಮಾರಿ ನೋಡ್ತಿದ್ದೆ. ಅಷ್ಟರಾಗ ಸಿಟ್ಟು ಇಳೀತಿತ್ತು. ಉಳದದ್ದನ್ನ ಹೇಳ್ತಿದ್ದೆ."

"ಏನ್ ಉಳೀತಿತ್ತು?"

"ಗಡಿಗಿ ಒಡೀಬಾರ್ದು ಅನ್ನೂದು."

ಕುಂಬಾರ ಹೊಸ್ತಿಲ ಮೇಲೆ ಕುಳಿತ. ಇನ್ನು ಮೇಲೆ ನನ್ನ ಮಾತನ್ನು ಒಂದು ಗಳಿಗೆ ಯಾರು ಹಿಡಿದುಕೊಳ್ಳಬೇಕು ಎಂದು ಕೇಳಿದ. ಅಕ್ಕ ಹಂಚಿನ ಮೇಲಿನ ರೊಟ್ಟಿ ಮಗುಚುತ್ತ, ತಿರುಗಿಯೂ ನೋಡದೆ, "ನಾಲಿಗಿ ಮ್ಯಾಲ" ಎಂದಳು.

ಕುಂಬಾರ ಊಟ ಮಾಡಿ ಊರಿಗೆ ಬಂದ. ಮುದುಕಿಯ ಮನೆಗೆ ತಾನೇ ಹೋಗಿ ಕರೆದು ತಂದ. ಮುದುಕಿ ಮುದುಕಿಯೇ, ಬಂದವಳು ಮತ್ತೆ ಗಡಿಗೆ ಬಡಿದಳು. ಕುಂಬಾರ ಬಾಯಿ ಮುಚ್ಚಿ, ನಾಲಿಗೆಯ ತುದಿಯನ್ನು ಅಂಗುಳಕ್ಕೆ ಒತ್ತಿ ನಿಂತ. ಮುದುಕಿ ಅವನ ಮುಖ ನೋಡಿ, ಮತ್ತೆ ಕಟ್ಟಿಕೊಂಡಿತೇನೋ ನಿನ್ನ ನಾಲಿಗೆ ಎಂದು ಕೇಳಿದಳು.

ಸ್ವಲ್ಪ ಹೊತ್ತು ಕಳೆದು ಅವನು ಹೇಳಿದ: "ಇಲ್ಲಬೇ. ಅಕ್ಕ ಮಾತಾಡಾಕತ್ತಿದ್ಲು. ಈಗ ಹೇಳ್ತೀನಿ ಕೇಳು, ಹಗರಕ್ಕ ಬಡಿ."

ನಾನು ಊರು ಬಿಡುವವರೆಗೂ ಅವನು ಹಾಗೆಯೇ ಇದ್ದ. ಕೇಳಿದ್ದಕ್ಕೆ ತಡೆದು ಉತ್ತರ ಕೊಡುತ್ತಿದ್ದ. ಹೊಸಬರು ಅವನ ನಾಲಿಗೆಯಲ್ಲಿ ಇನ್ನೂ ಏನೋ ದೋಷವಿದೆ ಎಂದುಕೊಳ್ಳುತ್ತಿದ್ದರು. ನಮ್ಮ ಮನೆಗೆ ಅವನ ಹರವಿ ಮರಳಿ ಬಂತು.

ಗುರುಗಳು ಕತೆ ನಿಲ್ಲಿಸಿ ಹುಣಸೆಹಣ್ಣಿಗೆ ಕೈ ಹಾಕಿದರು.

"ಕುಂಬಾರನಿಗೆ ಅಕ್ಕ ಇದ್ದಳು" ಎಂದ ಶಿಷ್ಯ. "ನಾನು ಸಿಟ್ಟಿನಲ್ಲಿ ಆಡಿದ್ದು ಅಣ್ಣನಿಗೆ ಮುಟ್ಟಿಹೋಗಿದೆ. ಅದಕ್ಕೇ ಅವನು ಸುಮ್ಮನಾಗಿದ್ದಾನೆ."

ಗುರುಗಳು ತಲೆ ಎತ್ತದೆ ಹೇಳಿದರು: "ನಿನ್ನ ಅಣ್ಣ ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾನೆ, ನೀನು ಹೇಳಿ ಕಳಿಸಿದ ಮಾತು ನನ್ನ ಬಾಯಲ್ಲೇ ಇದೆ."