ಲಾಗ್‌ಔಟ್ ಆದ ಮೇಲೂ ತೆರೆದ ಪುಟ

ಮಲಪ್ರಭೆಯ ದಡದ ಆ ಆಶ್ರಮ, ಮನೆಯಲ್ಲಿ ಹೊಡೆತ ತಿಂದ ಹೆಂಗಸರಿಗೆ ಆಸರೆ. ಬರುವವರು ಮೊದಲು ಅದರ ವೆಬ್‌ಸೈಟಿನಲ್ಲಿ ಬರೆಯುತ್ತಾರೆ. ಯಾವ ಬಸ್ಸು, ಎಲ್ಲಿ ಇಳಿಯಬೇಕು ಎಂಬ ಉತ್ತರವೂ ಅಲ್ಲಿಯೇ, ಅವರವರ ಪುಟದಲ್ಲಿ ಸಿಗುತ್ತದೆ.

ಅದನ್ನು ಕಟ್ಟಿದವನು ಶಿಷ್ಯ ಇಂದುಧರ. ಹೆತ್ತವರಿಗೆ ಹೆಗ್ಗಣ ಮುದ್ದು, ಅವನಿಗೆ ಆ ವೆಬ್‌ಸೈಟು ಹಾಗೆಯೇ.

"ಎಲ್ಲಾ ಭದ್ರ ಐತ್ರಿ ಗುರುಗಳ," ಎಂದ.

ಗುರು ಮರುಳಯ್ಯನವರು ಹಿಂದೆ ಇದೇ ಕಸುಬಿನಲ್ಲಿದ್ದವರು. "ಲಾಗಿನ್ ಆಗು," ಎಂದರು.

ಆದ. ಒಳಗೆ ಬಂದವರಿಗೆ ಸರ್ವರ್ ಕೊಡುವ ಗುರುತಿನ ಸಂಖ್ಯೆ ಬ್ರೌಸರಿನಲ್ಲಿತ್ತು; ಅದನ್ನು ಅವರು ನಕಲು ಮಾಡಿಕೊಂಡರು.

"ಈಗ ಲಾಗ್‌ಔಟ್ ಆಗು."

ಆದ. ಗುರುಗಳು ಆ ಸಂಖ್ಯೆಯನ್ನು ತಮ್ಮ ಲ್ಯಾಪ್‌ಟಾಪಿನಲ್ಲಿ ಹಾಕಿದರು. ಇಂದುಧರನ ಪುಟ ಸಲೀಸಾಗಿ ತೆರೆದುಕೊಂಡಿತು.

ಅವನು ಪರದೆಯತ್ತ ಬಗ್ಗಿದ. "ಬ್ರೌಸರಿನಿಂದ ಸಂಖ್ಯೆ ಅಳಿಸಿದ್ನಲ್ರಿ!"

"ಸರ್ವರ್‌ಗೆ ಏನ್ ಹೇಳಿದಿ?"

ಅದಕ್ಕೇನೂ ಹೇಳಿರಲಿಲ್ಲ. ಹಳೆಯ ಸಂಖ್ಯೆ ತಂದವರನ್ನೆಲ್ಲ ಅದು ಒಳಗೆ ಬಿಡುತ್ತಲೇ ಇತ್ತು.

"ಇವತ್ತ ಯಾರು ಬರಾವ್ರು?"

"ಕಸ್ತೂರವ್ವ. ಮೂರು ಗಂಟೆಗೆ ಇಳೀತಾಳ." ಇಂದುಧರ ತಡವರಿಸಿದ. "ಆಕಿ ಗಂಡಂದು ಕಂಪ್ಯೂಟರ್ ರಿಪೇರಿ ಅಂಗಡಿ ಐತ್ರಿ. ಅಲ್ಲಿಂದನ ನಮ್ಮ ಪುಟ ನೋಡ್ಯಾಳ. ಆಕಿ ಲಾಗ್‌ಔಟ್ ಆಗೂ ಮೊದಲ ಅಂವ ಸಂಖ್ಯೆ ನಕಲು ಮಾಡ್ಕೊಂಡಿದ್ರ?"

ಸರ್ವರ್‌ನ ದಾಖಲೆ ತೆಗೆದರು. ಕಸ್ತೂರವ್ವ ಲಾಗ್‌ಔಟ್ ಒತ್ತಿದ್ದು ಹತ್ತೂವರೆಗೆ. ಒಂದೂಕಾಲಿಗೆ ಯಾರೋ ಅದೇ ಸಂಖ್ಯೆ ಹಾಕಿ ಅವಳ ಪುಟ ಓದಿದ್ದರು. ಆಗ ಅವಳು ಬಸ್ಸಿನಲ್ಲಿದ್ದಳು, ಫೋನ್ ತರುವುದಿಲ್ಲವೆಂದೂ ಮೊದಲೇ ಬರೆದಿದ್ದಳು.

ಗಡಿಯಾರದಲ್ಲಿ ಎರಡು ಗಂಟೆ.

"ತಡೀರಿ, ಕೋಡ್ ತಿದ್ದತೀನಿ!"

"ಅದು ಆಮ್ಯಾಲ. ಮೊದಲ ಎಲ್ಲಾರ ಸಂಖ್ಯೆ ರದ್ದ ಮಾಡು. ಜೀಪ್ ತಗಿ."

"ಎಲ್ಲಾರೂ ಹೊರಗ ಬೀಳ್ತಾರ್ರಿ."

"ಬೀಳಲಿ. ಪಾಸ್‌ವರ್ಡ್ ಹಾಕಿ ಮತ್ತ ಬರ್ತಾರ."

ರದ್ದು ಮಾಡಿ ಜೀಪು ಓಡಿಸಿದರು. ಎರಡು ಊರು ಹಿಂದೆಯೇ ಬಸ್ಸಿಗೆ ಅಡ್ಡ ನಿಂತು ಕಸ್ತೂರವ್ವನನ್ನು ಇಳಿಸಿಕೊಂಡರು. ಅವಳು ಇಳಿಯಬೇಕಿದ್ದ ನಿಲ್ದಾಣದಲ್ಲಿ ಗಂಡ ಬೈಕಿನ ಮೇಲೆ ಕಾಯುತ್ತಿದ್ದನೆಂದು ಆಮೇಲೆ ಕಂಡಕ್ಟರ್ ಹೇಳಿದ.

ಜೀಪಿನಲ್ಲಿ ಕಸ್ತೂರವ್ವ ಇಂದುಧರನತ್ತ ತಿರುಗಿದಳು.

"ಲಾಗ್‌ಔಟ್ ಒತ್ತಿದ್ನಿರಿ. 'ನೀವು ಸುರಕ್ಷಿತವಾಗಿ ಹೊರಬಂದಿದ್ದೀರಿ' ಅಂತ ಬಂತು. ಖರೇನ ಅಂತ ನಂಬಿದ್ನಿ."

ಆ ಸಾಲು ಬರೆದವನು ಇಂದುಧರನೇ. ನಾಚಿ, ರಾತ್ರಿಯೇ ಅದನ್ನು ಪುಟದಿಂದ ತೆಗೆದುಹಾಕಿದ.

ಮರುದಿನ ಕೆಲಸ ಮುಗಿಸಿ ಗುರುಗಳ ಬಳಿ ಬಂದ. "ಈಗ ಲಾಗ್‌ಔಟ್ ಒತ್ತಿದ್ರ ಸರ್ವರ್ ತಾನ ಸಂಖ್ಯೆ ರದ್ದ ಮಾಡತೈತ್ರಿ. ಹತ್ತ ಸಲ ಪರೀಕ್ಷಾ ಮಾಡೀನಿ. 'ಸುರಕ್ಷಿತವಾಗಿ ಹೊರಬಂದಿದ್ದೀರಿ' ಅನ್ನೋ ಸಾಲು ಮತ್ತ ಹಾಕಲೇನ್ರಿ?"

ಗುರುಗಳು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಕಸ್ತೂರವ್ವನತ್ತ ನೋಡಿದರು.

"ಮೊದಲ ಆ ಸಾಲು ಆಕಿ ಮುಂದ ನಿಂತು, ಮುಖಾ ನೋಡಿ ಹೇಳು. ನಾಲಿಗಿ ಹೊರಳಿದ್ರ ಹಾಕು."