ಹಳದಿ ಬಲ್ಬಿನ ಮನೆ

"ಗುರುಗಳೇ, ಬಂದುಹೋಗುವವರಿಗೆಲ್ಲ ಮೆಚ್ಚುಗೆ, ಇಲ್ಲೇ ಇರುವ ನನಗೆ ಮಾತ್ರ ಬೈಗುಳ. ಇದು ಯಾವ ನ್ಯಾಯ?" ಎಂದು ಶಿಷ್ಯೆ ಕೇಳಿದಳು.

ಅವಳ ಕಂಕುಳಲ್ಲಿ ಬಟ್ಟೆಯ ಗಂಟಿತ್ತು. ಉತ್ತರ ಸರಿಬೀಳದಿದ್ದರೆ ಮಧ್ಯಾಹ್ನದ ಬಸ್ಸಿಗೇ ಊರಿಗೆ ಹೊರಟುಬಿಡುವವಳಿದ್ದಳು. ಆ ಬೆಳಿಗ್ಗೆ ಪಟ್ಟಣದಿಂದ ಬಂದ ಭಕ್ತರೊಬ್ಬರು ಒಂದು ಪದ ಹಾಡಿದ್ದರು. ಶ್ರುತಿ ಒಂದು ಕಡೆ, ಅವರು ಒಂದು ಕಡೆ. ಆದರೂ ಗುರುಗಳು "ಬಹಳ ಸಂತೋಷ" ಎಂದು ಕೈಮುಗಿದಿದ್ದರು. ಅದೇ ಪದವನ್ನು ಅವಳು ಹಾಡಿದಾಗ ಮೊದಲ ಸಾಲಿನಲ್ಲೇ ತಡೆದು, ಎಲ್ಲರ ಎದುರು "ಮತ್ತೆ ಹಾಡು" ಎಂದಿದ್ದರು. ಮತ್ತೆ ಹಾಡಿದರೆ ಮತ್ತೆ ತಡೆದಿದ್ದರು.

ಗುರುಗಳು ಗಂಟನ್ನು ನೋಡಿದರು. "ಬಸ್ಸಿಗೆ ಇನ್ನೂ ಹೊತ್ತಿದೆ, ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಬ್ಬ ಸೀರೆ ವ್ಯಾಪಾರಿ ಇದ್ದ. ಅವನ ಅಂಗಡಿಯ ತುಂಬ ಹಳದಿ ಬಲ್ಬುಗಳು. ಆ ಬೆಳಕಿನಲ್ಲಿ ಅಗ್ಗದ ಜರಿಯೂ ಚಿನ್ನದ ಹಾಗೆ ಹೊಳೆಯುತ್ತಿತ್ತು, ಮಾಸಿದ ಕೆಂಪಿಗೂ ಜೀವ ಬರುತ್ತಿತ್ತು. ಬಂದ ಹೆಂಗಸರು ನೋಡನೋಡುತ್ತ ಸೋಲುತ್ತಿದ್ದರು. ಎಲ್ಲೋ ಒಬ್ಬೊಬ್ಬರು ಮಾತ್ರ ಸೀರೆಯನ್ನು ಎತ್ತಿಕೊಂಡು ಬಾಗಿಲಿಗೆ ಹೋಗಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದರು. ಅಂಥವರನ್ನು ಕಂಡರೆ ವ್ಯಾಪಾರಿಗೆ ಮೈಯೆಲ್ಲ ಉರಿ. ಅವರಲ್ಲೆಲ್ಲ ದೊಡ್ಡ ಉರಿ ಅವನ ಬೀಗಿತ್ತಿಯೇ, ಮಗಳ ಅತ್ತೆ. ಬಾಗಿಲಿಗೆ ಒಯ್ಯದೆ ಅವಳು ಒಂದು ಕರವಸ್ತ್ರವನ್ನೂ ಕೊಂಡವಳಲ್ಲ.

ವ್ಯಾಪಾರಿ ಹೊಸ ಮನೆ ಕಟ್ಟಿಸಿದ. ಬಲ್ಬು ತರುವ ಕೆಲಸವನ್ನು ಯಾರಿಗೂ ಬಿಡಲಿಲ್ಲ. ಹೆಣ್ಣು ನೋಡಲು ಹೊರಟ ಹುಡುಗನ ಸಂಭ್ರಮದಲ್ಲಿ ತಾನೇ ಹೋದ.

"ಯಾವ ಕೋಣೆಗೆ ಸ್ವಾಮಿ?" ಎಂದು ಬಲ್ಬಿನ ಅಂಗಡಿಯವನು ಕೇಳಿದ. "ಅಡುಗೆಮನೆಗಾದರೆ ಬಿಳಿ ಬೆಳಕು ಬೇಕು, ಮಲಗುವ ಕೋಣೆಗಾದರೆ..."

"ಕೋಣೆಗೊಂದು ಬಣ್ಣ ಹಾಕಲು ನಾನೇನು ಸರ್ಕಸ್ಸು ನಡೆಸುತ್ತೇನೆಯೇ? ಎಲ್ಲ ಕಡೆಗೂ ಹಳದಿಯೇ ಕೊಡು. ಬೆಳಕಿನ ಮಹಿಮೆ ನನಗೆ ಹೇಳಿಕೊಡಬೇಡ."

ಸಂಜೆ ಒಟ್ಟಿಗೇ ಎಲ್ಲ ದೀಪ ಹಾಕಿದ. ಆಹಾ! ಗೋಡೆ ಹೊಳೆಯಿತು, ನೆಲ ಹೊಳೆಯಿತು, ಹಳೆಯ ಹಿತ್ತಾಳೆ ಕೊಡ ಕೂಡ ಹೊಳೆಯಿತು. ಹೆಂಡತಿಯನ್ನು ನೋಡಿ, "ಏನೇ, ಮದುಮಗಳ ಹಾಗೆ ಕಾಣುತ್ತಿದ್ದೀಯಲ್ಲ!" ಎಂದ. ಅವಳು ನಾಚಿದಳು. ಮರುದಿನ ಅನ್ನದಲ್ಲಿ ಕಲ್ಲು ಸಿಕ್ಕಿತು. ಈ ಬೆಳಕಿನಲ್ಲಿ ಅಕ್ಕಿಯ ಕಲ್ಲು ಕಣ್ಣಿಗೆ ಬೀಳುವುದಿಲ್ಲ ಎಂದು ಅವಳು ಗೊಣಗಿದಳು. "ಹಲ್ಲಿಗೆ ಸಿಕ್ಕಾಗ ಗೊತ್ತಾಗುತ್ತದಲ್ಲ, ಬಿಡು" ಎಂದು ವ್ಯಾಪಾರಿ ನಕ್ಕ.

ಅದೇ ತಿಂಗಳು ಮಗಳು ಹೆರಿಗೆಗೆ ಬಂದಳು. ಹೆಣ್ಣು ಮಗುವಾಯಿತು. ಆಸ್ಪತ್ರೆಯಿಂದ ತಾಯಿ, ಮಗು ಇಬ್ಬರನ್ನೂ ಮನೆಗೆ ತಂದರು. ಬಾಣಂತಿ ಕೋಣೆಗೆ ಗಾಳಿ ನುಗ್ಗಬಾರದೆಂದು ಕಿಟಕಿ ಮುಚ್ಚಿದರು, ಪರದೆ ಎಳೆದರು, ಹಗಲೂ ಹಳದಿ ಬಲ್ಬು ಉರಿಸಿದರು. ಮಗು ಚಿನ್ನದ ಹಾಗೆ ಥಳಥಳಿಸಿತು.

ನೋಡಲು ಬಂದವರೆಲ್ಲ "ಎಂಥ ಬಣ್ಣ! ಎಂಥ ಬಣ್ಣ!" ಎಂದರು. ವ್ಯಾಪಾರಿ ಎದೆಯುಬ್ಬಿಸಿ ಕೇರಿಗೆಲ್ಲ ಪೇಡೆ ಹಂಚಿದ. ಮಗು ಅಳುತ್ತಿರಲಿಲ್ಲ. ಎದೆಗೆ ಹಚ್ಚಿದರೆ ಒಂದೆರಡು ಗುಟುಕು ಕುಡಿದು ನಿದ್ದೆಹೋಗುತ್ತಿತ್ತು. "ಎಷ್ಟು ಸಾಧು ಮಗು!" ಎಂದು ಅದನ್ನೂ ಹೊಗಳಿದರು.

ಆಗ ಬೀಗಿತ್ತಿ ಬಂದಳು. ಕೈಕಾಲು ತೊಳೆದು ಒಳಗೆ ಹೋಗಿ ತೊಟ್ಟಿಲಿಗೆ ಬಗ್ಗಿದಳು. ಮಗುವನ್ನು ನೋಡಿದಳು, ಬಲ್ಬನ್ನು ನೋಡಿದಳು. ಮಗುವನ್ನು ಎತ್ತಿಕೊಂಡು ಬಾಗಿಲ ಕಡೆಗೆ ಹೊರಟಳು.

"ಅಯ್ಯೋ, ಹಸುಗೂಸು! ಗಾಳಿ ಸೋಕುತ್ತದೆ!" ಎಂದು ವ್ಯಾಪಾರಿಯ ಹೆಂಡತಿ ಕೂಗಿದಳು.

ವ್ಯಾಪಾರಿ ಅಡ್ಡ ನಿಂತ. ಅವನಿಗೆ ಅಂಗಡಿಯ ಉರಿಯೆಲ್ಲ ಒಮ್ಮೆಲೇ ಏರಿತು. "ಬೀಗಿತ್ತಿಯವರೇ, ಇದು ನನ್ನ ಮೊಮ್ಮಗಳು, ಸೀರೆಯಲ್ಲ."

"ಸೀರೆ ಕೆಟ್ಟರೆ ಇನ್ನೊಂದು ತರಬಹುದು. ದಾರಿ ಬಿಡಿ ಬೀಗರೇ!"

ಹೊಸ್ತಿಲಲ್ಲಿ ಬೆಳಗಿನ ಬಿಸಿಲಿತ್ತು. ಬೀಗಿತ್ತಿ ಮಗುವಿನ ಹಣೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ಬಿಟ್ಟಳು. ಒತ್ತಿದ ಜಾಗ ಅರಿಸಿನ ಹಚ್ಚಿದಂತೆ ಹಳದಿಯಾಗಿತ್ತು. ರೆಪ್ಪೆ ಸರಿಸಿದಳು. ಕಣ್ಣಿನ ಬಿಳಿಯೂ ಹಳದಿ. ಅಂಗಾಲೂ ಹಳದಿ.

"ಇದು ಚಿನ್ನದ ಬಣ್ಣವಲ್ಲ, ಕಾಮಾಲೆ. ಹೊರಡಿ!"

ಒಳಗೆ ಮಗಳು ಚೀರಿದಳು. ವ್ಯಾಪಾರಿ ಚಪ್ಪಲಿ ಮೆಟ್ಟಲಿಲ್ಲ, ಅಂಗಿಯ ಗುಂಡಿ ಹಾಕಲಿಲ್ಲ. ಬೀದಿಗೆ ಹಾರಿ, ಬರುತ್ತಿದ್ದ ಆಟೋಗೆ ಎರಡೂ ಕೈ ಚಾಚಿ ಅಡ್ಡ ನಿಂತ.

ಆಸ್ಪತ್ರೆಯಲ್ಲಿ ಮಗುವಿನ ಕಣ್ಣಿಗೆ ಪಟ್ಟಿ ಕಟ್ಟಿ, ಕಾಮಾಲೆ ಇಳಿಸುವ ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಗಾಜಿನಾಚೆ ವ್ಯಾಪಾರಿ ನಿಂತೇ ಇದ್ದ. ಆ ನೀಲಿಯಲ್ಲಿ ಚಿನ್ನದಂಥ ಮೊಮ್ಮಗಳು ಒಣಗಿದ ಬದನೆಯ ಹಾಗೆ ಕಾಣುತ್ತಿದ್ದಳು.

"ಡಾಕ್ಟರೇ, ಈ ಬೆಳಕಿನಲ್ಲಿ ಮಗು ಚೆನ್ನಾಗಿ ಕಾಣುವುದಿಲ್ಲವಲ್ಲ" ಎಂದು ಅಳುದನಿಯಲ್ಲಿ ಹೇಳಿದ.

"ಚೆನ್ನಾಗಿ ಕಾಣಲಿ ಎಂದು ಯಾರು ಮಲಗಿಸಿದರು? ಗುಣವಾಗುತ್ತದೆ, ಸುಮ್ಮನಿರಿ. ಇನ್ನೂ ತಡಮಾಡಿದ್ದರೆ ನಾನು ಈ ಮಾತು ಹೇಳುವ ಹಾಗಿರಲಿಲ್ಲ" ಎಂದರು ಡಾಕ್ಟರು.

ಮಗು ಗುಣವಾಯಿತು. ಒಂದು ಮುಂಜಾನೆ ಹಸಿವಿಗೆ ಬಾಯಿಬಿಟ್ಟು, ಇಡೀ ವಾರ್ಡು ಎದ್ದು ಕೂರುವಂತೆ ಕಿರುಚಿತು. ಆ ಕಿರುಚಾಟ ಕೇಳಿ ವ್ಯಾಪಾರಿ ಕುಣಿದ, ಬೀಗಿತ್ತಿಯ ಕಾಲು ಮುಟ್ಟಲು ಹೋಗಿ ಅವಳಿಂದ ಬೈಸಿಕೊಂಡ, ಅಲ್ಲಿಂದ ನೇರ ಬಲ್ಬಿನ ಅಂಗಡಿಗೆ ಓಡಿದ. ಅಂಗಡಿಯವನು ಬಾಯಿ ತೆರೆಯುವ ಮೊದಲೇ ಹೇಳತೊಡಗಿದ.

"ಅಡುಗೆಮನೆಗೆ ಬಿಳಿ ಕೊಡು, ಅಕ್ಕಿಯಲ್ಲಿ ಕಲ್ಲು ಕಾಣಬೇಕು. ಬಾಣಂತಿ ಕೋಣೆಗೂ ಬಿಳಿ. ಮಗು ಮಲಗಿದಾಗ ಹಾಕಲು ಒಂದು ಪುಟ್ಟ ಮಂದ ಬಲ್ಬು. ದೇವರ ಕೋಣೆಗೆ ಬಲ್ಬೇ ಬೇಡ, ಎಣ್ಣೆಯ ದೀಪ ಸಾಕು. ಕಿಟಕಿಗಳನ್ನಂತೂ ಹೋದ ಕೂಡಲೇ ತೆರೆಸುತ್ತೇನೆ!"

"ಹಜಾರದ ಹಳದಿಯನ್ನು ಏನು ಮಾಡುತ್ತೀರಿ ಸ್ವಾಮಿ?"

"ಅದು ಇರಲಿ. ಅಲ್ಲಿ ಕೂರುವವರು ಕಾಫಿ ಕುಡಿದು ಎದ್ದು ಹೋಗುವವರು. ಚೆನ್ನಾಗಿ ಕಾಣಲಿ, ಪಾಪ."

ಗುರುಗಳು ಕತೆ ನಿಲ್ಲಿಸಿದರು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಶಿಷ್ಯೆ ಅದಕ್ಕೆ ಕಿವಿಗೊಡಲಿಲ್ಲ.

"ಒಳ್ಳೆಯ ಹೆಂಗಸು ಆ ಬೀಗಿತ್ತಿ" ಎಂದಳು. "ಎಲ್ಲರ ಕೈಲಿ ಬೈಸಿಕೊಂಡಾದರೂ ಮಗುವನ್ನು ಬಾಗಿಲಿಗೆ ಒಯ್ದಳಲ್ಲ!"

"ಆ ಪಟ್ಟಣದವರನ್ನು ನಾನು ಹಜಾರದಲ್ಲಿ ಕೂರಿಸಿ ಕಳಿಸಿದೆ ಮಗಳೇ, ನಿನ್ನನ್ನು ಎತ್ತಿಕೊಂಡು ಬಾಗಿಲಿಗೆ ಬಂದಿದ್ದೇನೆ" ಎಂದರು ಗುರುಗಳು.