ಮಂದಾಕಿನಿ ತಿದ್ದಿದ ಹೇಳಿಕೆ

ಮಂದಾಕಿನಿ ಫೋನಿನ ಲೋಕದಲ್ಲೇ ತಲೆ ನರೆಸಿಕೊಂಡವಳು. ಮೊದಲು ಸರ್ಕಾರದ ದೂರಸಂಪರ್ಕ ಇಲಾಖೆಯಲ್ಲಿ ಕೂತು ಕಂಪನಿಗಳಿಗೆ ನಿಯಮ ಬರೆದಳು. ಆಮೇಲೆ ಟವರ್ ನಿಲ್ಲಿಸುವ ತಾಂತ್ರಿಕ ಕೆಲಸ ಮಾಡಿದಳು. ಈಗ ಒಂದು ಫೋನ್ ಕಂಪನಿಯಲ್ಲಿ ಹೇಳಿಕೆ ಬರೆಯುವ ವಿಭಾಗಕ್ಕೆ ಮುಖ್ಯಸ್ಥೆ. ಕಂಪನಿ ಜನರಿಗೆ ಏನು ಹೇಳಿದರೂ ಅವಳ ಕೈ ದಾಟಿಯೇ ಹೋಗಬೇಕು.

ಒಂದು ಮಧ್ಯಾಹ್ನ ಮೂರು ಗಂಟೆಗೆ ಕರಾವಳಿಯ ತಾಲೂಕೊಂದರಲ್ಲಿ ಕಂಪನಿಯ ಕೇಬಲ್ ತುಂಡಾಯಿತು. ಅಲ್ಲಿ ಬೇರೆ ಕಂಪನಿಯ ಟವರೇ ಇಲ್ಲ. ಅದೇ ಹೊತ್ತಿಗೆ ಕಡಲಲ್ಲಿ ಬಿರುಗಾಳಿಯ ಸೂಚನೆ ಬಂತು. ಜಿಲ್ಲಾ ಕಚೇರಿಯವರು ಮೀನುಗಾರರ ಮೊಬೈಲಿಗೆ ಎಚ್ಚರಿಕೆಯ ಸಂದೇಶ ಕಳಿಸಿ, ಕೆಲಸ ಮುಗಿಯಿತೆಂದು ನಿಶ್ಚಿಂತೆಯಿಂದಿದ್ದರು. ಅದು ಯಾರಿಗೂ ಮುಟ್ಟಿಲ್ಲವೆಂದು ಗೊತ್ತಿದ್ದದ್ದು ಕಂಪನಿಗೆ ಮಾತ್ರ. ಸಂಜೆ ಐದಕ್ಕೆ ದೋಣಿಗಳು ಕಡಲಿಗಿಳಿಯುತ್ತವೆ.

ಮಂದಾಕಿನಿ ಇದ್ದದ್ದನ್ನು ಇದ್ದಂತೆ ಸಾರಿಬಿಡೋಣವೆಂದು ಕಂಪನಿಯ ಮುಖ್ಯಸ್ಥ ಸೋಮಯ್ಯನವರ ಬಳಿ ಓಡಿದಳು. ಮುಂದಿನ ವಾರವೇ ಲೈಸೆನ್ಸ್ ನವೀಕರಣ, ಈಗ ಹೆಸರು ಕೆಡಿಸಿಕೊಳ್ಳುವುದು ಬೇಡವೆಂದರು ಅವರು. ಸೇವೆ ನಿಂತರೆ ಕೂಡಲೇ ತಿಳಿಸಬೇಕೆಂಬ ನಿಯಮವಿದೆಯಲ್ಲ ಎಂದು ಅವಳು ನೆನಪಿಸಿದಳು. ಸೋಮಯ್ಯನವರು ನಕ್ಕರು.

"ಆ ನಿಯಮ ಬರೆದೋರು ನೀವೇ ಅಲ್ವಾ ಮೇಡಂ? ನುಸುಳೋ ದಾರಿನೂ ನಿಮಗೇ ಗೊತ್ತಿರುತ್ತೆ."

ಗೊತ್ತಿತ್ತು, ಗ್ರಹಚಾರ ನೋಡಿ. ಸೇವೆ ಪೂರ್ತಿ ನಿಂತರೆ ಮಾತ್ರ ತಿಳಿಸಬೇಕೆಂದು ಬರೆದವಳು ಅವಳೇ. ದಡಕ್ಕೆ ಸಿಗ್ನಲ್ ಮುಟ್ಟದ ಗುಡ್ಡದ ಮೇಲೊಂದು ಟವರು ಇನ್ನೂ ಕುಟುಕು ಜೀವ ಹಿಡಿದಿತ್ತು, ಹಾಗಾಗಿ ಲೆಕ್ಕಕ್ಕೆ ಸೇವೆ ಪೂರ್ತಿ ನಿಂತಿರಲಿಲ್ಲ. ಸರಿ, ಬರೆಯಲು ಕೂತಳು. 'ಸೇವೆ ಇಲ್ಲ' ಎಂದು ಬರೆದು ಹೊಡೆದುಹಾಕಿದಳು. 'ಅಡಚಣೆ' ಎಂದಳು, ಕಂಪನಿಯ ವಕೀಲರು ಅದೂ ಖಾರವಾಯಿತೆಂದರು. 'ಕೆಲವೆಡೆ ಅಲ್ಪ ವ್ಯತ್ಯಯ' ಎಂದಾಗ ಎಲ್ಲರಿಗೂ ಸಮಾಧಾನ. ನಾಲ್ಕಾಯಿತು, ನಾಲ್ಕೂವರೆಯಾಯಿತು.

ಕೊನೆಗೂ ಸಿದ್ಧವಾದ ಆ ಹೇಳಿಕೆಯನ್ನು ಎಸ್ಸೆಮ್ಮೆಸ್ ಮಾಡಿ ಎಂದು ಅಪ್ಪಣೆಯಾಯಿತು. ಯಾರಿಗೆ? ಸತ್ತ ಫೋನು ಹಿಡಿದು ಕೂತವರಿಗೆ! ಅಷ್ಟು ಓದಿದವರ ಕೋಣೆಯಲ್ಲಿ ಇದು ಹೊಳೆದದ್ದು ಮಂದಾಕಿನಿಗೊಬ್ಬಳಿಗೇ. ಕೆಲಸ ಹೋದರೆ ಹೋಗಲಿ ಎಂದುಕೊಂಡು ಹೊರಗೆ ಬಂದು ಜಿಲ್ಲಾ ಕಚೇರಿಗೆ ಕರೆ ಮಾಡಿದಳು.

"ಆ ತಾಲೂಕಿನಲ್ಲಿ ನಮ್ಮ ಫೋನು ಸತ್ತಿದೆ. ನಿಮ್ಮ ಎಚ್ಚರಿಕೆ ಯಾರಿಗೂ ಮುಟ್ಟಿಲ್ಲ. ಪೊಲೀಸ್ ವೈರ್‌ಲೆಸ್ಸಿನಲ್ಲಿ ತಿಳಿಸಿ, ದಡದಲ್ಲಿ ಮೈಕು ಹಿಡಿದು ಕೂಗಿಸಿ."

ಪೊಲೀಸರು ಕೂಗಿದಾಗ ಐದಕ್ಕೆ ಐದು ನಿಮಿಷ ಬಾಕಿ. ನಲವತ್ತು ದೋಣಿಗಳು ನಿಂತವು. ಎರಡು ಆಗಲೇ ಹೋಗಿದ್ದವು. ಮರುದಿನ ಬೆಳಿಗ್ಗೆಯವರೆಗೆ ಅವಳು ಜಿಲ್ಲಾ ಕಚೇರಿಗೆ ಮತ್ತೆ ಮತ್ತೆ ಕರೆ ಮಾಡಿ ವಿಚಾರಿಸಿದಳು. ಆ ದೋಣಿಗಳಲ್ಲಿದ್ದ ಎಂಟು ಜನರಲ್ಲಿ ಏಳು ಜನ ತಿರುಗಿ ಬಂದರು.

ಮೂರನೆಯ ದಿನ ಲೈನು ಸರಿಹೋಯಿತು. ಜಿಲ್ಲಾ ಕಚೇರಿಯಲ್ಲಿ ಅವಳ ನಂಬರು ಪಡೆದ ಸಂಜೀವ ಖಾರ್ವಿ ಎಂಬ ಮೀನುಗಾರನಿಂದ ಅವಳಿಗೆ ಕರೆ ಬಂತು. ಬಾರದೆ ಉಳಿದವನು ಅವನ ತಮ್ಮ. ಅವನು ಬೈಯಲಿಲ್ಲ. ನೀವು ಹೇಳಿದ್ದರಿಂದ ನಲವತ್ತು ದೋಣಿ ಉಳಿಯಿತು, ದೇವರು ಒಳ್ಳೆಯದು ಮಾಡಲಿ ಎಂದ. ಆಮೇಲೆ ಕೇಳಿದ:

"ಫೋನ್ ಸತ್ತದ್ದು ನಿಮಗೆ ಗೊತ್ತಾದದ್ದು ಎಷ್ಟು ಗಂಟೆಗೆ ಮೇಡಂ?"

ಮಂದಾಕಿನಿ ಈ ಸಲ ಏನನ್ನೂ ತಿದ್ದಲಿಲ್ಲ. "ಮೂರಕ್ಕೆ" ಎಂದಳು.

ನೀತಿ: ಅಪಾಯದ ಸುದ್ದಿಯನ್ನು ಚಂದ ಮಾಡುತ್ತ ಕೂರಬೇಡಿ. ಗೊತ್ತಿದ್ದವರು ತಡಮಾಡಿದರೆ, ಅದರ ಬೆಲೆ ತೆರುವವರು ಏನೂ ಗೊತ್ತಿಲ್ಲದವರು.